ಮಗನ ಕಥೆ ಹೇಳುವ ಹಕ್ಕು ಯಾರದು?

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಮಕ್ಕಳ ಪಾಲನೆಯ ಕುರಿತು ಹಲವು ವರ್ಷಗಳಿಂದ ಸಾರ್ವಜನಿಕವಾಗಿ ಬರೆಯುತ್ತ ಬಂದಿರುವ ತಾಯಿಯೊಬ್ಬರು, 11 ವರ್ಷದ ಮಗ ತಮ್ಮೊಡನೆ ಮಾತನ್ನೇ ಬಿಟ್ಟಿದ್ದಾನೆ ಎಂಬ ಅಳಲಿನೊಂದಿಗೆ ಆಪ್ತಸಲಹೆಗೆ ಬಂದರು. ಅವನು 6 ವರ್ಷದವನಾಗಿದ್ದಾಗ ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದುದನ್ನು ಅವರು ಫೋಟೊ ಸಹಿತ ಬರೆದಿದ್ದರು. ಆ ಬರಹ ಈಗ ಸಹಪಾಠಿಗಳ ಕಣ್ಣಿಗೆ ಬಿದ್ದು, ತರಗತಿಯಲ್ಲಿ ಅವನಿಗೊಂದು ಅಡ್ಡಹೆಸರು ಅಂಟಿಕೊಂಡಿತ್ತು.

ತಾಯಿಯ ವಾದ ಹುರುಳಿಲ್ಲದ್ದೇನೂ ಆಗಿರಲಿಲ್ಲ. 5 ವರ್ಷದ ಮಕ್ಕಳಲ್ಲಿ ಸುಮಾರು ಶೇ. 15ರಷ್ಟು ಮಂದಿಗೆ ಈ ತೊಂದರೆ ಇರುತ್ತದೆ, ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಅದನ್ನು ಓದಿ ಎಷ್ಟೋ ತಾಯಂದಿರಿಗೆ ಸಮಾಧಾನವಾಗಿದೆ ಎಂದರು. ಹೆರಿಗೆಯ ನಂತರದ ಒಂಟಿತನದಲ್ಲಿ ತಮ್ಮನ್ನು ಕೈಹಿಡಿದದ್ದು ಬರವಣಿಗೆಯೇ ಎಂದೂ ಹೇಳಿಕೊಂಡರು. ಎಲ್ಲವನ್ನೂ ಅಳಿಸಿಬಿಡಬೇಕೆಂಬುದು ತಂದೆಯ ಪಟ್ಟು. ನನಗೆ ಅದು ಪರಿಹಾರಕ್ಕಿಂತ ಶಿಕ್ಷೆಯಂತೆ ಕಂಡಿತು. ಆದರೆ ನಾಚಿಕೆಪಡಬೇಕೇ ಬೇಡವೇ ಎಂಬುದನ್ನು ಮಗನ ಪರವಾಗಿ ತಾಯಿಯೇ ತೀರ್ಮಾನಿಸಿದ್ದರು. ತೊಡಕು ಇದ್ದದ್ದು ಅಲ್ಲಿ.

ಖಾಸಗಿ ಸಂಗತಿಯೊಂದು ಇನ್ನೊಬ್ಬರಿಗೆ ತಿಳಿದಾಗ ಇಬ್ಬರೂ ಅದರ ಜಂಟಿ ಒಡೆಯರಾಗುತ್ತಾರೆ, ಅದು ಯಾರಿಗೆ ತಲುಪಬೇಕೆಂಬ ನಿಯಮವನ್ನು ಒಬ್ಬರೇ ಮಾಡಿದರೆ ನಂಬಿಕೆ ಕದಡುತ್ತದೆ ಎಂಬ ಸಂವಹನ ತಜ್ಞೆ ಸಾಂಡ್ರಾ ಪೆಟ್ರೋನಿಯೊ ಅವರ ವಿಚಾರವನ್ನು ತಾಯಿಗೆ ವಿವರಿಸಿದೆ. ಹದಿಹರೆಯದ ಹೊಸ್ತಿಲಲ್ಲಿರುವವರಿಗೆ ಎಲ್ಲರ ಕಣ್ಣೂ ತಮ್ಮ ಮೇಲೆಯೇ ಇದೆ ಎನಿಸುವುದನ್ನು ಮನೋವಿಜ್ಞಾನಿ ಡೇವಿಡ್ ಎಲ್ಕೈಂಡ್ 1967ರಲ್ಲಿ ‘ಕಾಲ್ಪನಿಕ ಪ್ರೇಕ್ಷಕರು’ ಎಂದು ಗುರುತಿಸಿದ್ದರು. ಈ ಹುಡುಗನ ಪ್ರೇಕ್ಷಕರು ಕಾಲ್ಪನಿಕರಾಗಿರಲಿಲ್ಲ.

ಬರವಣಿಗೆ ನಿಲ್ಲಿಸಿ ಎಂದು ನಾನು ಹೇಳಲಿಲ್ಲ. ತಮ್ಮ ದಣಿವು, ಸಿಟ್ಟು, ತಪ್ಪಿತಸ್ಥ ಭಾವ, ಕಲಿತದ್ದು ಇವೆಲ್ಲ ಅವರ ಸ್ವಂತದ್ದು, ಅದನ್ನು ಧಾರಾಳವಾಗಿ ಬರೆಯಲಿ. ಮಗುವಿನ ದೇಹ, ಕಾಯಿಲೆ, ಅಂಕ, ಅಳು, ಗುಟ್ಟಾಗಿ ಹೇಳಿಕೊಂಡ ಮಾತು ಮಾತ್ರ ಮಗುವಿನ ಪಾಲಿಗಿರಲಿ ಎಂದೆ. ಎರಡೂ ಹೆಣೆದುಕೊಂಡಿರುವ ಕಡೆ, ಈ ಸಾಲನ್ನು ಮಗ ಇಪ್ಪತ್ತರ ಹರೆಯದಲ್ಲಿ ಅಪರಿಚಿತರ ಎದುರು ಓದಬೇಕಾಗಿ ಬಂದರೆ ಹೇಗಿರುತ್ತದೆ ಎಂದು ಊಹಿಸಿಕೊಂಡು, ಅನುಮಾನವಿದ್ದರೆ ಬಿಡಬೇಕು. ಹೆಸರು ಬದಲಿಸಿದರೆ ಸಾಕೆಂಬ ನಂಬಿಕೆ ಹುಸಿ, ಏಕೆಂದರೆ ತಾಯಿ ಯಾರೆಂದು ಗೊತ್ತಿದ್ದವರಿಗೆ ಮಗನನ್ನು ಗುರುತಿಸಲು ಹೆಸರೇ ಬೇಕಿಲ್ಲ.

ಒಪ್ಪಿಗೆಯ ವಿಷಯ ಇನ್ನೂ ಸೂಕ್ಷ್ಮ. ಅಮ್ಮನನ್ನು ಮೆಚ್ಚಿಸಲು ಮಕ್ಕಳು ಸುಲಭವಾಗಿ ‘ಹೂಂ’ ಎನ್ನುತ್ತಾರೆ. ಆದ್ದರಿಂದ ಬರಹ ಸಿದ್ಧವಾಗಿ ಪ್ರಕಟಣೆಯ ಆತುರದಲ್ಲಿರುವಾಗ ಕೇಳದೆ, ಬರೆಯುವ ಮುನ್ನವೇ ಕೇಳಬೇಕು, ‘ಬೇಡ’ ಎಂದರೆ ಕಾರಣ ಕೇಳದೆ ಒಪ್ಪಬೇಕು, ಮುಖ ಸಪ್ಪಗಾಗುವುದೂ ಒಂದು ಬಗೆಯ ಒತ್ತಾಯವೇ ಎಂದು ತಿಳಿಸಿದೆ. ಹಳೆಯ ಬರಹಗಳನ್ನು ಮಗನೊಂದಿಗೆ ಕುಳಿತು ನೋಡಿ, ಅವನು ಹೇಳಿದ್ದನ್ನು ತೆಗೆದುಹಾಕುವಂತೆಯೂ ಸೂಚಿಸಿದೆ.

ಅವನು ಹಾಸಿಗೆಯ ಬರಹದ ಜೊತೆಗೆ, ತನ್ನ ಹುಟ್ಟುಹಬ್ಬಕ್ಕೆ ಅಮ್ಮ ಬರೆದಿದ್ದ, ಅವರಿಗೆ ಅತ್ಯಂತ ಪ್ರಿಯವಾದ ಪತ್ರವನ್ನೂ ತೆಗೆಯಲು ಹೇಳಿದ. ತಾಯಿ ನನ್ನೆದುರು ಅತ್ತರು, ಆದರೆ ತೆಗೆದರು. ಬೇರೆಯವರು ಉಳಿಸಿಕೊಂಡ ಪ್ರತಿಗಳನ್ನು ಅಳಿಸಲಾಗದು ಎಂಬುದನ್ನು ಹುಡುಗನಿಗೆ ಮುಚ್ಚಿಡದೆ ಹೇಳಿ, ಅವನ ಒಪ್ಪಿಗೆ ಪಡೆದು ತರಗತಿಯ ಶಿಕ್ಷಕರೊಂದಿಗೆ ಅಡ್ಡಹೆಸರಿನ ಬಗ್ಗೆ ಮಾತಾಡಿದೆವು.

5 ವರ್ಷದ ಮಗಳ ವಿಷಯದಲ್ಲಿ ದಂಪತಿ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಮಗುವಿನ ಚಿತ್ರದ ಹಕ್ಕನ್ನು ತಂದೆತಾಯಿ ಜೊತೆಯಾಗಿ ಕಾಯಬೇಕು, ವಯಸ್ಸು ಮತ್ತು ಪ್ರೌಢಿಮೆಗೆ ತಕ್ಕಂತೆ ಮಗುವನ್ನೂ ಒಳಗೊಳ್ಳಬೇಕು ಎಂದು ಫ್ರಾನ್ಸ್ 2024ರಲ್ಲಿ ಕಾನೂನನ್ನೇ ಮಾಡಿದೆ. ಅದನ್ನು ಉದಾಹರಿಸಿ, ಇಬ್ಬರೂ ಒಪ್ಪುವವರೆಗೆ ಅವಳ ಮುಖ ಕಾಣುವ ಯಾವ ಚಿತ್ರವನ್ನೂ ಹಾಕಬಾರದೆಂದು ಸಲಹೆ ನೀಡಿದ್ದೇನೆ. ಮುಂದಿನ ಭೇಟಿಗೆ ಇಬ್ಬರೂ ಬರಲಿದ್ದಾರೆ.