ಬೆಕ್ಕು ಇರುವಾಗಲೇ ಮಾಡಿಕೊಳ್ಳಬೇಕಾದ ಕೆಲಸ ಜಾಸ್ತಿ ಇದೆ

ವಯಸ್ಸಾದ ಬೆಕ್ಕಿಗೆ ಕಿಡ್ನಿ ಕೈಕೊಟ್ಟಿದೆ, ಇನ್ನು ಕೆಲವೇ ದಿನ ಅಂತ ಡಾಕ್ಟರ್ ಹೇಳಿದ್ದಾರೆ, ಅದನ್ನು ಹೇಗೆ ಕಳಿಸಿಕೊಡಲಿ, ನೆನಪಿಗೆ ಏನು ಇಟ್ಟುಕೊಳ್ಳಲಿ ಅಂತ ಕೇಳಿದ್ದೀರಿ. ಮನೆಯವರು 'ಒಂದು ಬೆಕ್ಕಿಗೆ ಇಷ್ಟೊಂದಾ' ಅಂತಾರೆ ಅಂತಲೂ ಬರೆದಿದ್ದೀರಿ. ಓದಿ ತುಂಬಾ ಸಂಕಟ ಆಯಿತು. ನಮ್ಮ ನಾಯಿ ಕರಿಯ ಹೋಗಿದ್ದೂ ಇದೇ ಕಾಯಿಲೆಯಿಂದ. ಫ್ರೇಮು, ಕಲ್ಲು, ಗಿಡ ಇವನ್ನೆಲ್ಲ ಆಮೇಲೆ ಯಾವಾಗ ಬೇಕಾದರೂ ಮಾಡಬಹುದು. ಆದರೆ ಕೆಲವು ಕೆಲಸ ಅದು ಉಸಿರಾಡುತ್ತಿರುವಾಗ ಮತ್ತು ಹೋದ ಮೊದಲ ಒಂದೆರಡು ಗಂಟೆಯಲ್ಲಿ ಮಾತ್ರ ಆಗುತ್ತವೆ. ಮೊದಲು ಅವನ್ನು ನೋಡಿಕೊಳ್ಳಿ.

ಇವತ್ತೇ ಅದರ ಸದ್ದು ರೆಕಾರ್ಡ್ ಮಾಡಿ. ಫೋನಲ್ಲಿ ಫೋಟೊ ರಾಶಿ ಇರುತ್ತೆ, ಗುರುಗುರು ಅನ್ನೋ ಸದ್ದು ಯಾರ ಹತ್ತಿರವೂ ಇರಲ್ಲ. ಫ್ಯಾನ್ ಆರಿಸಿ, ಅದು ನಿಮ್ಮ ತೊಡೆ ಮೇಲೆ ಮಲಗಿದಾಗ ಫೋನನ್ನು ಅದರ ಕುತ್ತಿಗೆಯ ಹತ್ತಿರ ಇಟ್ಟು ಸುಮ್ನೆ ಕೂತಿರಿ. ಕರಿಯ ನೀರು ಕುಡಿಯುವ ಸದ್ದು, ನೆಲದ ಮೇಲೆ ಅವನ ಉಗುರಿನ ಟಕಟಕ ನನ್ನ ಹತ್ತಿರ ಇದೆ. ಫೋಟೊ ನೋಡಿದರೆ ಅಳು ಬರಲ್ಲ, ಅದು ಕೇಳಿದರೆ ಈಗಲೂ ಬರುತ್ತೆ. ಹಾಗೇ ಅದರ ಚಾಳಿಗಳನ್ನು ಒಂದು ಕಡೆ ಬರೆದಿಡಿ, ಎಲ್ಲಿ ಮಲಗುತ್ತೆ, ಯಾರನ್ನು ಕಂಡರೆ ಓಡುತ್ತೆ, ಯಾವ ಬಾಗಿಲ ಮುಂದೆ ಕೂತು ಕೂಗುತ್ತೆ, ನೀವು ಇಟ್ಟಿರುವ ಎಲ್ಲ ಅಡ್ಡಹೆಸರು. ಮರೆಯಲ್ಲ ಅಂತ ಅನಿಸುತ್ತೆ, ಆದರೆ ಮರೆತುಹೋಗುತ್ತೆ.

ಪಾದದ ಗುರುತು ತೆಗೆಯುವುದಾದರೆ ತಾನೇ ಒಣಗಿ ಗಟ್ಟಿಯಾಗುವ ಜೇಡಿಮಣ್ಣು ತನ್ನಿ. ಬೆಕ್ಕಿನ ಬೆರಳ ಸಂದಿಯಲ್ಲಿ ಕೂದಲು ಜಾಸ್ತಿ, ಅದನ್ನು ಒದ್ದೆ ಮಾಡಿ ಹಿಂದಕ್ಕೆ ಸವರಿ, ಇಲ್ಲದಿದ್ದರೆ ಗುರುತು ಮಸುಕಾಗುತ್ತೆ. ಮೊದಲು ನಡುವಿನ ದೊಡ್ಡ ಮೆತ್ತೆಯನ್ನು ಒತ್ತಿ, ಆಮೇಲೆ ಮೇಲಿಂದ ನಾಲ್ಕು ಬೆರಳನ್ನೂ ಒಂದೊಂದಾಗಿ. ಅದಕ್ಕೆ ಹಿಂಸೆ ಆಗುತ್ತಿದ್ದರೆ ಬಿಟ್ಟುಬಿಡಿ. ಜೀವ ಹೋದ ಮೇಲೂ ಮೈ ಸೆಟೆಯುವ ಮುಂಚೆ ತೆಗೆಯಬಹುದು. ಒಂದು ಚಿಟಿಕೆ ಕೂದಲನ್ನೂ ಕತ್ತರಿಸಿ ಕಾಗದದ ಕವರಿನಲ್ಲಿ ಇಟ್ಟುಕೊಳ್ಳಿ.

ತೀರಾ ನರಳಾಟ ಶುರುವಾಗಿ, ನೋವಿಲ್ಲದೆ ಜೀವ ಹೋಗಲಿ ಅಂತ ಡಾಕ್ಟರ್ ಹತ್ತಿರ ಇಂಜೆಕ್ಷನ್ ಕೊಡಿಸುವ ಪ್ರಸಂಗ ಬಂದರೆ, ಏನೇನಾಗುತ್ತೆ ಅಂತ ಮೊದಲೇ ತಿಳಿದಿರಲಿ. ಸಾಮಾನ್ಯವಾಗಿ ಮೊದಲು ಮಂಪರು ಬರಿಸುತ್ತಾರೆ, ಆಮೇಲೆ ಅರಿವಳಿಕೆ ಔಷಧಿಯನ್ನೇ ಜಾಸ್ತಿ ಪ್ರಮಾಣದಲ್ಲಿ ಕೊಡುತ್ತಾರೆ. ಕೆಲವೇ ನಿಮಿಷದಲ್ಲಿ ಎದೆಬಡಿತ ನಿಲ್ಲುತ್ತೆ. ಕಣ್ಣು ತೆರೆದೇ ಇರಬಹುದು, ಮೂತ್ರ ಹೋಗಬಹುದು, ಎದೆಬಡಿತ ನಿಂತ ಮೇಲೂ ಒಂದೆರಡು ಸಲ ಉಸಿರು ಎಳೆದ ಹಾಗೆ ಮೈ ಅದುರಬಹುದು. ಅದು ನೋವಲ್ಲ, ಆಗ ಅದಕ್ಕೆ ಪ್ರಜ್ಞೆಯೇ ಇರಲ್ಲ. ಇದು ಗೊತ್ತಿಲ್ಲದೆ ನೋಡಿದವರಿಗೆ ಆ ಚಿತ್ರವೇ ಮನಸ್ಸಲ್ಲಿ ಉಳಿದುಬಿಡುತ್ತೆ. ಕೈಲಾದರೆ ಪಕ್ಕದಲ್ಲೇ ಇರಿ, ಅದರ ತಲೆ ಮೇಲೆ ನಿಮ್ಮ ಕೈ ಇರಲಿ, ದಿನಾ ಮಾತಾಡಿಸುವ ಹಾಗೇ ಮಾತಾಡಿಸಿ.

ಹೋದ ಮೇಲೆ ಅದು ಮಲಗುತ್ತಿದ್ದ ಹಾಗೇ ಕಾಲು ಮಡಿಚಿ ಮುದುರಿ ಮಲಗಿಸಿ. ಎರಡು ಮೂರು ಗಂಟೆಯಲ್ಲಿ ಮೈ ಸೆಟೆಯೋಕೆ ಶುರುವಾಗುತ್ತೆ, ಆಮೇಲೆ ಆಗಲ್ಲ. ಮನೆಯಲ್ಲಿ ಬೇರೆ ಬೆಕ್ಕೋ ನಾಯಿಯೋ ಇದ್ದರೆ ಬಂದು ಮೂಸಿ ನೋಡಲಿ, ಓಡಿಸಬೇಡಿ. ಮಕ್ಕಳಿಗೆ ಊರಿಗೆ ಹೋಗಿದೆ ಅಂತೆಲ್ಲ ಕಥೆ ಕಟ್ಟದೆ ಸತ್ತಿದೆ ಅಂತಲೇ ಹೇಳಿ, ಅವರೂ ಮುಟ್ಟಿ ಕಳಿಸಿಕೊಡಲಿ.

ಹೂಳುವುದಾದರೆ ಪ್ಲಾಸ್ಟಿಕ್ ಬೇಡ, ಹತ್ತಿ ಬಟ್ಟೆ ಸಾಕು. ಗುಂಡಿ ಕನಿಷ್ಠ 3 ಅಡಿ ಆಳ ಇರಲಿ, ಬಾವಿ, ಕೆರೆಯಿಂದ ದೂರ ಇರಲಿ, ಅಲ್ಲಿ ಹೂಳೋಕೆ ಅನುಮತಿ ಇದೆಯಾ ಅಂತಲೂ ಕೇಳಿಕೊಳ್ಳಿ. ಇಂಜೆಕ್ಷನ್ ಕೊಡಿಸಿದ್ದರೆ ಆಳ ಇನ್ನೂ ಮುಖ್ಯ. ಆ ಔಷಧಿ ದೇಹದಲ್ಲೇ ಉಳಿದಿರುತ್ತೆ, ಬೇರೆ ಪ್ರಾಣಿ ಕೆದಕಿ ತಿಂದರೆ ಅದೂ ಸಾಯಬಹುದು. ಸುಡಿಸುವುದಾದರೆ ಒಂದನ್ನೇ ಸುಡುತ್ತಾರಾ, ಬೇರೆಯವುಗಳ ಜೊತೆ ಸೇರಿಸಿ ಸುಡುತ್ತಾರಾ ಅಂತ ಮೊದಲೇ ಕೇಳಿ. ಸೇರಿಸಿ ಸುಟ್ಟರೆ ನಿಮ್ಮ ಬೆಕ್ಕಿನ ಬೂದಿ ಬೇರೆಯಾಗಿ ಸಿಗಲ್ಲ. ಆ ಬೂದಿಯನ್ನು ಹಾಗೇ ಗಿಡದ ಬುಡಕ್ಕೆ ಸುರಿಯಬೇಡಿ, ಅದರಲ್ಲಿ ಉಪ್ಪು, ಕ್ಷಾರ ಜಾಸ್ತಿ, ಗಿಡ ಒಣಗುತ್ತೆ. ಸ್ವಲ್ಪ ಬೂದಿಗೆ ತುಂಬಾ ಮಣ್ಣು ಬೆರೆಸಿ ಹಾಕಿ.

ಇನ್ನು ಮನೆಯವರ ಮಾತು. ಜರ್ಮನಿಯ ಬಾನ್ ನಗರದ ಹತ್ತಿರ 1914ರಲ್ಲಿ ಒಂದು ಸಮಾಧಿ ಸಿಕ್ಕಿತು, ಸುಮಾರು 14,000 ವರ್ಷ ಹಳೆಯದು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ನಾಯಿಮರಿ. ಮರಿಗೆ ಜೋರು ಕಾಯಿಲೆ ಬಂದಿತ್ತು, ಯಾರೋ ಆರೈಕೆ ಮಾಡದೆ ಅಷ್ಟು ದಿನ ಬದುಕಿರೋಕೆ ಸಾಧ್ಯವೇ ಇರಲಿಲ್ಲ ಅಂತ ಅದರ ಹಲ್ಲು ನೋಡಿ ಸಂಶೋಧಕರು ಹೇಳಿದ್ದಾರೆ. ನಮ್ಮ ಕನ್ನಡದಲ್ಲೇ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇದೆ, ಕ್ರಿ.ಶ. 949-50ರದ್ದು. ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ಬೇಟೆನಾಯಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟಿದ್ದರು. ಕಲ್ಲಿನ ಮೇಲೆ ಆ ಕಾದಾಟದ ಚಿತ್ರವೂ ಇದೆ. ಹೀಗಿರುವಾಗ ನೀವು ಒಂದು ಬೆಕ್ಕಿಗೆ ಅತ್ತರೆ ಅದರಲ್ಲಿ ವಿಚಿತ್ರ ಏನಿದೆ? ಅವರಿಗೆ ಅರ್ಥ ಆಗದಿದ್ದರೆ ಬಿಡಿ, ವಾದ ಮಾಡೋಕೆ ಈಗ ನಿಮ್ಮ ಹತ್ತಿರ ಸಮಯ ಇಲ್ಲ.

ಅದರ ತಟ್ಟೆ, ಹಾಸಿಗೆ ಯಾವಾಗ ಎತ್ತಿಡಬೇಕು ಅಂತಲೂ ಕೇಳಿದ್ದೀರಿ. ಯಾರೋ ಹೇಳಿದರು ಅಂತ ಮಾರನೇ ದಿನವೇ ಖಾಲಿ ಮಾಡಬೇಡಿ, ನಿಮಗೆ ಸಾಕು ಅನಿಸಿದಾಗ ಎತ್ತಿಡಿ. ಒಂದು ಹೊದಿಕೆಯನ್ನು ಮಾತ್ರ ಒಗೆಯದೆ ಚೀಲದಲ್ಲಿ ಕಟ್ಟಿಡಿ, ವಾಸನೆ ಸ್ವಲ್ಪ ಕಾಲ ಇರುತ್ತೆ. ಉಳಿದ ಫುಡ್ಡು ಬೇರೆ ಬೆಕ್ಕು ಸಾಕಿದವರಿಗೆ ಕೊಡಿ. ಔಷಧಿಯನ್ನು ಮಾತ್ರ ಯಾರಿಗೂ ಕೊಡದೆ ಡಾಕ್ಟರಿಗೇ ವಾಪಸ್ ಕೊಡಿ.