ಮಾಜಿ ಸೈನಿಕರ ಪ್ರಶ್ನೋತ್ತರ: ಹೆಸರಿನ ಎರಡಕ್ಷರ, ನಿಂತುಹೋದ ಪೆನ್ಷನ್

ಈ ಬಾರಿ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕುಟುಂಬ ಪಿಂಚಣಿಯವು. ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ನಮ್ಮ ತಂದೆ ಆರ್ಟಿಲರಿಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. 71ನೇ ವಯಸ್ಸಿನಲ್ಲಿ ತೀರಿಕೊಂಡರು. ಅಮ್ಮನ ಹೆಸರು ಆಧಾರ್‌ನಲ್ಲಿ ಜಯಲಕ್ಷ್ಮಮ್ಮ, ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ಲಕ್ಷ್ಮಿ. ಪೆನ್ಷನ್ ಅಮ್ಮನ ಹೆಸರಿಗೆ ಆಗಿಲ್ಲ. ಈ ನಡುವೆ ತಂದೆಯ ಖಾತೆಗೆ ಎರಡು ತಿಂಗಳ ಹಣ ಬಂದಿದೆ. ತೆಗೆಯಬಹುದೆ? (ಅರಕಲಗೂಡು)

ತೆಗೆಯಬೇಡಿ. ಪಿಂಚಣಿ ಸಲ್ಲುವುದು ತೀರಿಕೊಂಡ ದಿನದವರೆಗೆ ಮಾತ್ರ. ಆಮೇಲೆ ಜಮಾ ಆದದ್ದು ಸರ್ಕಾರದ ಹಣ. ಎಟಿಎಂ ಕಾರ್ಡು ಮನೆಯಲ್ಲಿದೆ, ತಿಥಿಯ ಖರ್ಚು ಎದುರಿಗಿದೆ ಎಂದು ತೆಗೆದವರ ಮನೆಯಲ್ಲಿ ಮುಂದೆ ತಾಯಿಯ ಪಿಂಚಣಿಯಿಂದಲೇ ಆ ಮೊತ್ತ ಕಡಿತವಾಗುತ್ತದೆ.

ಮೊದಲು ಮರಣದ ವರದಿ ಆಗಬೇಕು. ಮರಣ ಪ್ರಮಾಣಪತ್ರ ಕೈಗೆ ಬಂದ ಕೂಡಲೇ ರಕ್ಷಣಾ ಪಿಂಚಣಿಯ ಸ್ಪರ್ಶ್ ಜಾಲತಾಣದಲ್ಲಿ ವರದಿ ಮಾಡಿ. ಇದಕ್ಕೆ ತಂದೆಯವರ ಪಾಸ್‌ವರ್ಡ್ ಬೇಕಿಲ್ಲ. ಕಂಪ್ಯೂಟರ್ ರೂಢಿ ಇಲ್ಲದಿದ್ದರೆ ಸರ್ಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಹತ್ತಿರದ ಸಿಎಸ್‌ಸಿ ಕೇಂದ್ರದಲ್ಲಿ ಮಾಡಿಸಬಹುದು. ತಾಯಿಯ ಆಧಾರ್, ಪ್ಯಾನ್, ಅವರ ಹೆಸರಿನ ಬ್ಯಾಂಕ್ ಪಾಸ್‌ಬುಕ್, ಅವರದೇ ಮೊಬೈಲ್ ಸಂಖ್ಯೆ, ಫೋಟೊ ಇಷ್ಟನ್ನು ಮೊದಲೇ ಜೋಡಿಸಿಕೊಳ್ಳಿ. ಹಳ್ಳಿಯ ಎಷ್ಟೋ ಹೆಂಗಸರಿಗೆ ಪ್ಯಾನ್ ಇರುವುದಿಲ್ಲ, ಕೆಲಸ ಅಲ್ಲೇ ನಿಂತುಬಿಡುತ್ತದೆ.

ಇನ್ನು ಹೆಸರಿನ ವಿಷಯ. ಜಂಟಿ ಪಿಪಿಒದಲ್ಲಿ ಹೆಂಡತಿಯ ಹೆಸರೂ ಹುಟ್ಟಿದ ದಿನಾಂಕವೂ ಆಧಾರ್‌ಗೆ ಹೊಂದಿದ್ದರೆ ಪಿಂಚಣಿ ಹೆಚ್ಚು ತಂಟೆಯಿಲ್ಲದೆ ಬದಲಾಗುತ್ತದೆ. ಹೊಂದದಿದ್ದರೆ ಕಡತ ರೆಕಾರ್ಡ್ ಆಫೀಸಿಗೆ, ಅಂದರೆ ಆಯಾ ದಳದ ಸೇವಾ ದಾಖಲೆಗಳ ಕಚೇರಿಗೆ, ಹೋಗಲೇಬೇಕು. ಆರ್ಟಿಲರಿಯವರಿಗೆ ಅದು ನಾಸಿಕ್ ರೋಡ್ ಕ್ಯಾಂಪ್. ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರು, ಸಿಗ್ನಲ್ಸ್‌ಗೆ ಜಬಲ್‌ಪುರ, ಇಎಂಇಗೆ ಸಿಕಂದರಾಬಾದ್, ಮದ್ರಾಸ್ ರೆಜಿಮೆಂಟಿಗೆ ವೆಲ್ಲಿಂಗ್ಟನ್, ವಾಯುಪಡೆಗೆ ದೆಹಲಿಯ ಸುಬ್ರೊತೊ ಪಾರ್ಕ್.

'ಲಕ್ಷ್ಮಿ ಮತ್ತು ಜಯಲಕ್ಷ್ಮಮ್ಮ ಇಬ್ಬರೂ ಒಬ್ಬರೇ' ಎಂಬ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಮಾಡಿಸಿ. ಅದರಲ್ಲಿ ತಂದೆಯವರ ಸೇನಾ ಸಂಖ್ಯೆ, ರ‍್ಯಾಂಕ್, ಪೂರ್ತಿ ಹೆಸರು ಇರಲೇಬೇಕು. ಡಿಸ್ಚಾರ್ಜ್ ಪುಸ್ತಕ, ಪಿಪಿಒ, ಆಧಾರ್, ಪಡಿತರ ಚೀಟಿ, ಪಾಸ್‌ಬುಕ್ಕುಗಳಲ್ಲಿ ತಾಯಿಯ ಹೆಸರು ಎಷ್ಟು ಬಗೆಯಲ್ಲಿ ಬಂದಿದೆಯೋ ಅಷ್ಟನ್ನೂ ಇಂಗ್ಲಿಷ್ ಕಾಗುಣಿತದ ಸಮೇತ ಬರೆಸಿ. ಎರಡೇ ರೂಪ ಬರೆಸಿ ಮೂರನೆಯದು ಆಮೇಲೆ ಕಂಡರೆ ಮತ್ತೆ ಮೊದಲಿನಿಂದ ಶುರು. ನೋಟರಿ ಸಹಿ ಸಾಕೇ, ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಆಗಬೇಕೇ, ಪತ್ರಿಕಾ ಪ್ರಕಟಣೆ ಬೇಕೇ ಎಂಬುದು ಪ್ರಕರಣದಿಂದ ಪ್ರಕರಣಕ್ಕೆ ಬೇರೆ. ದುಡ್ಡು ಖರ್ಚು ಮಾಡುವ ಮೊದಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿಕೊಳ್ಳಿ. ಕಾಗದಗಳನ್ನೂ ಅವರ ಮುಖಾಂತರವೇ, ಅವರ ಹೊದಿಕೆ ಪತ್ರದೊಂದಿಗೆ ಕಳಿಸಿ. ನೇರವಾಗಿ ಅಂಚೆಗೆ ಹಾಕಿದ ಅರ್ಜಿ ದೃಢೀಕರಣ ಇಲ್ಲವೆಂದು ವಾಪಸ್ ಬರುವುದೇ ಹೆಚ್ಚು. ಡಿಸ್ಚಾರ್ಜ್ ಪುಸ್ತಕದ ಎಲ್ಲ ಪುಟಗಳ ನಕಲು ಲಗತ್ತಿಸಿ, ಖಾಲಿ ಪುಟಗಳದ್ದೂ. ಮೂಲ ಪುಸ್ತಕವನ್ನು ಮಾತ್ರ ಯಾರ ಕೈಗೂ ಕೊಡಬೇಡಿ.

ಇನ್ನೊಂದು ಮಾತು. ತಂದೆಗೆ ಬರುತ್ತಿದ್ದಷ್ಟೇ ಹಣ ತಾಯಿಗೂ ಬರುತ್ತದೆಂದು ಎಣಿಸಬೇಡಿ. ನಿವೃತ್ತರಾದ ಮೇಲೆ ತೀರಿಕೊಂಡವರ ಪತ್ನಿಗೆ ಹೆಚ್ಚುವರಿ ದರ ಸಿಗುವುದು 7 ವರ್ಷ, ಅಥವಾ ತೀರಿಕೊಂಡವರು ಬದುಕಿದ್ದರೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅದು. ನಿಮ್ಮ ತಂದೆಗೆ 71 ಆಗಿತ್ತು. ಹೀಗಾಗಿ ಮೊದಲ ದಿನದಿಂದಲೇ ಸಾಮಾನ್ಯ ದರ, ಅಂದರೆ ಕೊನೆಯ ವೇತನದ 30 ಪ್ರತಿಶತ. ಕನಿಷ್ಠ 9,000 ರೂಪಾಯಿ, ಅದರ ಮೇಲೆ ತುಟ್ಟಿಪರಿಹಾರ. ತಾಯಿಯ ಹುಟ್ಟಿದ ದಿನಾಂಕವನ್ನು ಈಗಲೇ ದಾಖಲಿಸಿ. 80 ತುಂಬಿದಾಗ 20 ಪ್ರತಿಶತ ಹೆಚ್ಚುವರಿ ಸಿಗಬೇಕು. ಹಳೆಯ ಪಿಪಿಒಗಳಲ್ಲಿ ಪತ್ನಿಯ ಜನ್ಮದಿನಾಂಕದ ಕಲಂ ಖಾಲಿ ಇರುವುದರಿಂದ ಎಷ್ಟೋ ಅಜ್ಜಿಯರಿಗೆ ಅದು ಸಿಗುತ್ತಲೇ ಇಲ್ಲ.

ಇದನ್ನು ಓದುತ್ತಿರುವ ಮಾಜಿ ಸೈನಿಕರೇ, ಇವತ್ತೇ ನಿಮ್ಮ ಪಿಪಿಒ ತೆಗೆದು ಮನೆಯವರ ಹೆಸರನ್ನು ಅವರ ಆಧಾರ್ ಪಕ್ಕ ಇಟ್ಟು ನೋಡಿ. ನೀವಿರುವಾಗ ನಿಮ್ಮ ಒಂದು ಸಹಿಯಿಂದ ಆಗುವ ತಿದ್ದುಪಡಿಗೆ ನೀವಿಲ್ಲದಾಗ ಅವರು ವರ್ಷಗಟ್ಟಲೆ ಅಲೆಯಬೇಕಾದೀತು.

ಬೆರಳಚ್ಚು ಕೊಟ್ಟು, ಬದುಕಿದ್ದೇನೆಂಬ ವರ್ಷದ ಜೀವನ ಪ್ರಮಾಣ ಮಾಡಿಸಿದ್ದೆ, ಮೊಬೈಲಿಗೆ ಸಂದೇಶವೂ ಬಂತು. ಆದರೂ ಪೆನ್ಷನ್ ನಿಂತಿದೆ. (ಸವದತ್ತಿ)

ನೂರಕ್ಕೆ ತೊಂಬತ್ತು ಪಾಲು ನಿಮ್ಮ ಪ್ರಮಾಣಪತ್ರ ಬ್ಯಾಂಕಿಗೆ ಹೋಗಿದೆ, ಸ್ಪರ್ಶ್‌ಗೆ ಹೋಗಿಲ್ಲ. ಅರ್ಜಿ ತುಂಬುವ ಹುಡುಗ ಹಳೆಯ ರೂಢಿಯಂತೆ ಪಿಂಚಣಿ ವಿತರಣಾ ಸಂಸ್ಥೆ ಎಂಬಲ್ಲಿ ಬ್ಯಾಂಕಿನ ಹೆಸರು ಆರಿಸಿರುತ್ತಾನೆ. ಮಂಜೂರು ಮಾಡುವವರು ಎಂಬಲ್ಲಿ 'ಡಿಫೆನ್ಸ್, ಪಿಸಿಡಿಎ ಪೆನ್ಷನ್ಸ್' (ರಕ್ಷಣಾ ಪಿಂಚಣಿಯ ಲೆಕ್ಕಪತ್ರ ಕಚೇರಿ), ವಿತರಿಸುವವರು ಎಂಬಲ್ಲಿ 'ಸ್ಪರ್ಶ್, ಪಿಸಿಡಿಎ ಪೆನ್ಷನ್ಸ್' ಎಂದೇ ಆರಿಸಬೇಕು. ಪಿಪಿಒ ಸಂಖ್ಯೆಯೂ ಅಡ್ಡಗೆರೆಗಳಿರುವ ಹಳೆಯದಲ್ಲ, ಸ್ಪರ್ಶ್ ಕೊಟ್ಟಿರುವ ಹೊಸದು. ಸಂದೇಶ ಬಂದದ್ದು ಪ್ರಮಾಣಪತ್ರ ತಯಾರಾಗಿದೆ ಎಂದಷ್ಟೇ, ಒಪ್ಪಿಗೆಯಾಗಿದೆ ಎಂದಲ್ಲ. ಎರಡು ಮೂರು ದಿನ ಬಿಟ್ಟು ಸ್ಪರ್ಶ್‌ನಲ್ಲಿ ಲಾಗಿನ್ ಆಗಿ ಮುಂದಿನ ಗುರುತಿನ ದಿನಾಂಕ ಒಂದು ವರ್ಷ ಮುಂದಕ್ಕೆ ಹೋಗಿದೆಯೇ ನೋಡಿ. ಹೋಗಿದ್ದರೆ ಮಾತ್ರ ಕೆಲಸ ಆದಂತೆ.

ನಿಂತ ತಿಂಗಳುಗಳ ಹಣ ಸರಿಯಾದ ಪ್ರಮಾಣ ಸೇರಿದ ಮೇಲೆ ಬಾಕಿಯಾಗಿ ಬರುತ್ತದೆ, ಹೆದರಬೇಡಿ. ಎರಡು ಪಿಂಚಣಿ ಇದ್ದವರು, ಉದಾಹರಣೆಗೆ ಸೇನೆಯದೊಂದು ಮತ್ತು ಆಮೇಲಿನ ಸರ್ಕಾರಿ ನೌಕರಿಯದೊಂದು, ಎರಡಕ್ಕೂ ಬೇರೆ ಬೇರೆ ಪ್ರಮಾಣ ಕೊಡಬೇಕು. ಗೇಯ್ಮೆಯಲ್ಲಿ ಬೆರಳು ಸವೆದು ಅಚ್ಚು ಹಿಡಿಯದವರಿಗೆ ಮುಖ ಗುರುತಿನ ಆ್ಯಪ್ ಇದೆ. ಬೆಳಕು ಬೆನ್ನ ಹಿಂದೆ ಬೀಳದಂತೆ, ಮುಖದ ಮೇಲೆ ಬೀಳುವಂತೆ ಕೂರಿಸಿ, ಕನ್ನಡಕ ತೆಗೆಸಿ. ಹಾಸಿಗೆ ಹಿಡಿದವರ ಮನೆಗೆ ಪೋಸ್ಟ್‌ಮ್ಯಾನ್ ಬಂದು ಮಾಡಿಕೊಡುವ ವ್ಯವಸ್ಥೆಯೂ ಉಂಟು, ಅಂಚೆ ಪೇಮೆಂಟ್ಸ್ ಬ್ಯಾಂಕಿನ ಶುಲ್ಕ 70 ರೂಪಾಯಿ. 80 ದಾಟಿದವರು ನವೆಂಬರ್ ತನಕ ಕಾಯಬೇಕಿಲ್ಲ, ಅಕ್ಟೋಬರ್ 1ರಿಂದಲೇ ಕೊಡಬಹುದು.

ನಮ್ಮ ತಾಲೂಕಿನಲ್ಲಿ ಮಾಜಿ ಸೈನಿಕರ ಸಂಘ ಕಟ್ಟುತ್ತಿದ್ದೇವೆ. ಆಗಸ್ಟ್ 15, ಜನವರಿ 26, ಕಾರ್ಗಿಲ್ ದಿನ ಆಚರಿಸುವುದು ಬಿಟ್ಟು ಬೇರೇನು ಮಾಡಬಹುದು? (ಹಿರೇಕೆರೂರು)

ಕನಿಷ್ಠ 7 ಜನ ಸೇರಿ, ಬೈಲಾ ಬರೆದು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಜಿಲ್ಲಾ ರಿಜಿಸ್ಟ್ರಾರರಲ್ಲಿ ನೋಂದಾಯಿಸಿ. ಸಂಘದ ಹೆಸರಿನಲ್ಲೇ ಪ್ಯಾನ್, ಬ್ಯಾಂಕ್ ಖಾತೆ, ಇಬ್ಬರ ಜಂಟಿ ಸಹಿ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕ ತಪಾಸಣೆ, ಆಡಳಿತ ಮಂಡಳಿಯ ಪಟ್ಟಿ ಸಲ್ಲಿಕೆ. ಬಹಳಷ್ಟು ಸಂಘಗಳು ಮೊದಲ ವರ್ಷ ಇದನ್ನೆಲ್ಲ ಮಾಡಿ ಆಮೇಲೆ ಮರೆಯುತ್ತವೆ. ನಿವೇಶನವೋ ಅನುದಾನವೋ ಕೇಳುವ ದಿನ ಬಂದಾಗ ನೋಂದಣಿ ಚಾಲ್ತಿಯಲ್ಲಿಲ್ಲ ಎಂಬುದು ಗೊತ್ತಾಗುತ್ತದೆ.

ಆಮೇಲೆ ಮಾಡಬೇಕಾದ ಕೆಲಸಕ್ಕೆ ಶಾಮಿಯಾನ ಬೇಡ. ಒಂದು ಮೇಜು, ನಾಲ್ಕು ಕುರ್ಚಿ, ಸ್ಕ್ಯಾನರ್ ಇರುವ ಪ್ರಿಂಟರ್, ಒಂದು ದಪ್ಪ ರಿಜಿಸ್ಟರ್ ಸಾಕು. ತಿಂಗಳ ಒಂದು ದಿನ ಗೊತ್ತುಮಾಡಿ, ಸಂತೆಯ ದಿನವಾದರೆ ಒಳ್ಳೆಯದು. ಹಳ್ಳಿಯಿಂದ ಹೇಗೂ ಬಸ್ ಹತ್ತಿ ಬಂದಿರುತ್ತಾರೆ. ಆ ಮೇಜಿನ ಹಿಂದೆ ಸೇನೆಯಲ್ಲಿ ಕ್ಲರ್ಕ್ ಆಗಿದ್ದವರನ್ನು ಕೂರಿಸಿ. ಅಧ್ಯಕ್ಷರು ಯಾವ ರ‍್ಯಾಂಕಿನವರಾದರೂ ಆಗಲಿ, ಸಂಘ ನಡೆಯುವುದು ಪಾರ್ಟ್ 2 ಆರ್ಡರ್ (ಸೈನಿಕನ ಮದುವೆ, ಮಕ್ಕಳಂಥ ವಿವರ ದಾಖಲಿಸುವ ಆದೇಶ) ಅಂದರೆ ಏನೆಂದು ಬಲ್ಲ ಬಾಬುವಿನಿಂದ.

ಮೊದಲ ಮೂರು ತಿಂಗಳು ತಾಲೂಕಿನ ಪಟ್ಟಿ ಮಾಡಿ: ಸೇನಾ ಸಂಖ್ಯೆ, ರೆಜಿಮೆಂಟ್, ಬಿಡುಗಡೆಯಾದ ವರ್ಷ, ಬಿಡುಗಡೆಯ ಕಾರಣ, ಪೆನ್ಷನ್ ಉಂಟೋ ಇಲ್ಲವೋ, ಪತ್ನಿಯ ಹೆಸರು ಹೊಂದುತ್ತದೋ ಇಲ್ಲವೋ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡು, ಮುಂದಿನ ಜೀವನ ಪ್ರಮಾಣದ ದಿನಾಂಕ. ವಿಧವೆಯರು, 80 ದಾಟಿದವರು, ಪೆನ್ಷನ್ ಇಲ್ಲದವರು ಈ ಮೂವರ ಹೆಸರಿಗೆ ಕೆಂಪು ಗುರುತು ಹಾಕಿ, ಅವರು ಬರಲಿ ಎಂದು ಕಾಯದೆ ಮನೆಗೇ ಹೋಗಿ. ಸಭೆಗೆ ಬರುವವರು ಸಾಮಾನ್ಯವಾಗಿ ಕೈಕಾಲು ಗಟ್ಟಿ ಇರುವವರು. ಸಹಾಯ ಬೇಕಾದವರು ಬರುವುದಿಲ್ಲ.

ಒಂದು ಎಚ್ಚರಿಕೆ. ಯಾರದೇ ಸ್ಪರ್ಶ್ ಪಾಸ್‌ವರ್ಡನ್ನು ರಿಜಿಸ್ಟರಿನಲ್ಲಿ ಬರೆದಿಡಬೇಡಿ, ಒಟಿಪಿಯನ್ನು ಅವರೇ ಒತ್ತಲಿ. 'ಸ್ಪರ್ಶ್ ಕಚೇರಿಯಿಂದ, ನಿಮ್ಮ ಪೆನ್ಷನ್ ನಿಲ್ಲುತ್ತದೆ, ಒಟಿಪಿ ಹೇಳಿ' ಎಂದು ಬರುವ ಕರೆಗಳೆಲ್ಲ ಮೋಸದವು. ಇದನ್ನು ದೊಡ್ಡ ಅಕ್ಷರದಲ್ಲಿ ಗೋಡೆಗೆ ಅಂಟಿಸಿ.

ಮನವಿ ಪತ್ರದ ವಿಚಾರದಲ್ಲೂ ಅಷ್ಟೆ. ಹದಿನಾಲ್ಕು ಬೇಡಿಕೆಗಳ ಒಂದು ಪತ್ರವನ್ನು ಜಿಲ್ಲಾಧಿಕಾರಿಗೆ ಕೊಟ್ಟು ಫೋಟೊ ತೆಗೆಸಿಕೊಂಡರೆ ಅದು ಹದಿನಾಲ್ಕು ಶಾಖೆಗಳಿಗೆ ಹಂಚಿಹೋಗಿ ಎಲ್ಲೂ ನಿಲ್ಲುವುದಿಲ್ಲ. ಒಂದು ಪತ್ರಕ್ಕೆ ಒಂದೇ ವಿಷಯ, ಒಂದೇ ಪುಟ, ಹಿಂದೆ ದಾಖಲೆ. ಪಿಂಚಣಿಯದ್ದು ರೆಕಾರ್ಡ್ ಆಫೀಸ್ ಮತ್ತು ಪ್ರಯಾಗ್‌ರಾಜ್‌ನ ಪಿಸಿಡಿಎಗೆ, ಔಷಧಿಯದ್ದು ಇಸಿಎಚ್‌ಎಸ್ ಪಾಲಿಕ್ಲಿನಿಕ್ ಅಧಿಕಾರಿಗೆ, ಜಮೀನಿನದ್ದು ತಹಸೀಲ್ದಾರರಿಗೆ. ಉತ್ತರ ಬರದಿದ್ದರೆ ಕೇಂದ್ರ ಸರ್ಕಾರದ ದೂರು ಜಾಲತಾಣವಾದ ಸಿಪಿಗ್ರಾಮ್ಸ್‌ನಲ್ಲಿ ದೂರು ಹಾಕಿ ಅದರ ಸಂಖ್ಯೆ ಬರೆದಿಡಿ. ಆಮೇಲೂ ಸುಮ್ಮನಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. ಅದರಲ್ಲಿ 'ಏಕೆ ತಡ' ಎಂದು ಕೇಳಬೇಡಿ. 'ಇಂಥ ದಿನದ ನನ್ನ ಅರ್ಜಿಯ ಮೇಲೆ ಕಡತದಲ್ಲಿ ಬರೆದ ಟಿಪ್ಪಣಿಗಳ ನಕಲು ಕೊಡಿ' ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು, ಎಷ್ಟೋ ಬಾರಿ ಉತ್ತರಕ್ಕಿಂತ ಮೊದಲು ಕೆಲಸವೇ ಆಗಿರುತ್ತದೆ.

ಸೇನೆಯಲ್ಲಿ 7 ವರ್ಷ ಇದ್ದು ಬಂದೆ. ಪೆನ್ಷನ್ ಇಲ್ಲ. ಈಗ 68. ಏನಾದರೂ ಸಿಗುತ್ತದೆಯೆ? (ಕುಶಾಲನಗರ)

ಡಿಸ್ಚಾರ್ಜ್ ಪುಸ್ತಕದಲ್ಲಿ ಬಿಡುಗಡೆಯ ಕಾರಣ ಏನು ಬರೆದಿದೆ ನೋಡಿ. 'ಸ್ವಂತ ಕೋರಿಕೆಯ ಮೇರೆಗೆ' ಎಂದಿದ್ದರೆ ಮಾಜಿ ಸೈನಿಕ ಎಂಬ ಮಾನ್ಯತೆಗೇ ತೊಡಕು. ಸೇವಾವಧಿ ಮುಗಿದು ಗ್ರಾಚ್ಯುಟಿ ಪಡೆದು ಬಂದಿದ್ದರೆ ನೀವು ಅರ್ಹರು. ಪೆನ್ಷನ್ ಇಲ್ಲದ, 65 ದಾಟಿದ, ಹವಾಲ್ದಾರ್ ಮತ್ತು ಕೆಳಗಿನ ರ‍್ಯಾಂಕಿನ ಮಾಜಿ ಸೈನಿಕರಿಗೆ ಮತ್ತು ಅವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿಯ ಸಂಕಷ್ಟ ಸಹಾಯಧನವಿದೆ. ತಿಂಗಳಿಗೆ 4,000 ಇದ್ದದ್ದು 2025ರ ನವೆಂಬರ್ 1ರ ನಂತರದ ಅರ್ಜಿಗಳಿಗೆ 8,000 ಆಗಿದೆ. ಅರ್ಜಿ ಮಂಡಳಿಯ ಜಾಲತಾಣದಲ್ಲಿ, ಪರಿಶೀಲನೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ. ನಿಮಗೆ ಅದು ಮಡಿಕೇರಿ. ಎಲ್ಲ ಜಿಲ್ಲೆಗಳಲ್ಲೂ ಈ ಕಚೇರಿ ಇಲ್ಲ, ಉಡುಪಿಯವರು ಮಂಗಳೂರಿಗೆ ಹೋಗಬೇಕು. ನಕಲುಗಳನ್ನಲ್ಲ, ಮೂಲ ದಾಖಲೆಗಳನ್ನೇ ಸ್ಕ್ಯಾನ್ ಮಾಡಿ ಹಾಕಿ. ಮಸುಕಾಗಿ ಕಂಡರೂ ಅರ್ಜಿ ವಾಪಸ್.

ನಾನು ನಿವೃತ್ತ ನಾಯಕ್. ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. ಪ್ರಧಾನ ಮಂತ್ರಿ ವಿದ್ಯಾರ್ಥಿವೇತನ ತಿರಸ್ಕೃತವಾಯಿತು. (ಮುಧೋಳ)

ಅದು ಎಂಜಿನಿಯರಿಂಗ್, ವೈದ್ಯಕೀಯ, ಬಿ.ಎಡ್. ಥರದ ವೃತ್ತಿಪರ ಕೋರ್ಸುಗಳಿಗೆ ಮಾತ್ರ, ಸಾಮಾನ್ಯ ಬಿ.ಎ., ಬಿ.ಎಸ್ಸಿ., ಬಿ.ಕಾಂ.ಗೆ ಇಲ್ಲ. ಅರ್ಹರಾದ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500. ಪ್ರವೇಶದ ಪರೀಕ್ಷೆಯಲ್ಲಿ 60 ಪ್ರತಿಶತ ಇರಬೇಕು, ಅರ್ಜಿ ಮೊದಲ ವರ್ಷದಲ್ಲೇ ಹಾಕಬೇಕು. ನಿಮ್ಮ ಮಗಳಿಗೆ ಒಪ್ಪುವುದು ಬೇರೆ ಯೋಜನೆ: ಹವಾಲ್ದಾರ್ ಮತ್ತು ಕೆಳಗಿನವರ ಇಬ್ಬರು ಮಕ್ಕಳಿಗೆ ಪದವಿಯವರೆಗಿನ ಶಿಕ್ಷಣ ಸಹಾಯಧನ, ಈಗ ತಿಂಗಳಿಗೆ 2,000. ಪಾಸಾದ ವರ್ಷಕ್ಕೆ ಅಂಕಪಟ್ಟಿಯೊಂದಿಗೆ ಕೇಳಬೇಕು.

ಹೃದಯಾಘಾತವಾಗಿ ಇಸಿಎಚ್‌ಎಸ್ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಿದರೆ? (ಸಾಗರ)

ಜೀವ ಮುಖ್ಯ, ಸೇರಿಸಿ. 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಿ, ತಿಳಿಸಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಫೋನಿನಲ್ಲಿ ಹೇಳಿ ಬಿಟ್ಟರೆ ಆಮೇಲೆ ಸಾಕ್ಷಿ ಇರುವುದಿಲ್ಲ. ತುರ್ತು ಸ್ಥಿತಿ ಇತ್ತೆಂಬ ವೈದ್ಯರ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಪ್ರತಿ ಬಿಲ್ಲಿನ ಮೂಲ ಪ್ರತಿ ಇಟ್ಟುಕೊಳ್ಳಿ. ಮರುಪಾವತಿ ಆಗುವುದು ಸರ್ಕಾರಿ ದರದಲ್ಲಿ, ಮಿಕ್ಕದ್ದು ನಿಮ್ಮ ಕೈಯಿಂದಲೇ. ಪಟ್ಟಿಯಲ್ಲಿರುವ ಆಸ್ಪತ್ರೆ ಮುಂಗಡ ಕೇಳಿದರೆ ಕೊಡಬೇಡಿ, ಪಾಲಿಕ್ಲಿನಿಕ್‌ಗೆ ತಿಳಿಸಿ.

ಸದಸ್ಯರೊಬ್ಬರು ವಯಸ್ಸಾಗಿ ತೀರಿಕೊಂಡಾಗ ಸಂಘದಿಂದ ರಾಷ್ಟ್ರಧ್ವಜ ಹೊದಿಸಿದೆವು. ಒಬ್ಬರು ತಪ್ಪೆಂದರು. (ಸೋಮವಾರಪೇಟೆ)

ಅವರು ಹೇಳಿದ್ದು ಸರಿ. ಧ್ವಜವನ್ನು ಶವದ ಮೇಲೆ ಹೊದಿಸಲು ಅವಕಾಶ ಇರುವುದು ಸರ್ಕಾರಿ ಗೌರವದ, ಅಥವಾ ಸೇನೆ ಮತ್ತು ಅರೆಸೇನಾ ಪಡೆಗಳು ನಡೆಸುವ ಅಂತ್ಯಕ್ರಿಯೆಯಲ್ಲಿ ಮಾತ್ರ. ಉಳಿದ ಕಡೆ ಅದು 1971ರ ರಾಷ್ಟ್ರೀಯ ಗೌರವಗಳ ಅವಮಾನ ತಡೆ ಕಾಯ್ದೆಯಡಿ ಅಪರಾಧ, ಉದ್ದೇಶ ಎಷ್ಟೇ ಒಳ್ಳೆಯದಿರಲಿ. ಅವಕಾಶವಿರುವಾಗಲೂ ಕೇಸರಿ ಪಟ್ಟಿ ತಲೆಯ ಕಡೆಗಿರಬೇಕು; ಚಿತೆಗೋ ಗುಂಡಿಗೋ ಇಡುವ ಮೊದಲು ಧ್ವಜವನ್ನು ತೆಗೆಯಬೇಕು. ನಿಮ್ಮ ಸಂಘ ಪುಷ್ಪಚಕ್ರ ಇಡಬಹುದು, ರೆಜಿಮೆಂಟಿನ ಟೋಪಿ ಮತ್ತು ಪದಕಗಳನ್ನು ದಿಂಬಿನ ಮೇಲಿಟ್ಟು ಸೆಲ್ಯೂಟ್ ಮಾಡಬಹುದು. ಮುಂದೆ ಆ ಪದಕಗಳನ್ನು ಮಗನೋ ಮೊಮ್ಮಗನೋ ಸ್ಮರಣೆಯ ದಿನ ಧರಿಸುವುದಾದರೆ ಎಡ ಎದೆಗಲ್ಲ, ಬಲ ಎದೆಗೆ.

ಡಿಸೆಂಬರ್ 7ರ ಧ್ವಜ ದಿನಾಚರಣೆಗೆ ಸಂಘವೇ ಡಬ್ಬಿ ಹಿಡಿದು ಹಣ ಎತ್ತಬಹುದೆ? (ಹಿರಿಯೂರು)

ನಿಮ್ಮಷ್ಟಕ್ಕೆ ನೀವೇ ಬೇಡ. ಆ ದೇಣಿಗೆ ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ ನಿಧಿಗೆ ಸೇರಬೇಕಾದದ್ದು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಿಂದ ಚಿಕ್ಕ ಧ್ವಜಗಳನ್ನು ಲೆಕ್ಕ ಹಾಕಿ ಪಡೆದು, ಉಳಿದವನ್ನೂ ಹಣವನ್ನೂ ಒಟ್ಟಿಗೆ ಲೆಕ್ಕ ಒಪ್ಪಿಸಿ. ಸಂಘದ ಖರ್ಚಿಗೆ ಬೇಕಾದ ಹಣಕ್ಕೆ ಸಂಘದ್ದೇ ರಸೀದಿ ಪುಸ್ತಕ, ಬೇರೆ ದಿನ.