ಗೇಟಿನ ಕೋಣೆಯ ಕಂಪ್ಯೂಟರ್ ಯಾರದ್ದು?

ಕಟ್ಟಡದ ಕಾವಲಿಗೆ, ಕಂಪ್ಯೂಟರ್ ಭದ್ರತೆಗೆ, ಹೊರದೇಶಗಳ ಯುದ್ಧ ಮತ್ತು ನಿರ್ಬಂಧಗಳ ಮೇಲೆ ಕಣ್ಣಿಡುವುದಕ್ಕೆ ಮೂರು ಬೇರೆ ಬೇರೆ ತಂಡಗಳನ್ನು ಕಟ್ಟಬೇಕೇ, ಇಲ್ಲವೇ ಒಂದು ಒಳ್ಳೆಯ ತಂತ್ರಾಂಶ ಕೊಂಡರೆ ಸಾಕೇ ಎಂದು ಕೇಳಿದ್ದೀರಿ. 2017ರ ಏಪ್ರಿಲ್‌ನಲ್ಲಿ ನಾನೂ ಇಂಥವೇ ಮೂರು ಹಾಳೆಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದೆ.

ಆಗ ಹಾಸನದ ಹತ್ತಿರದ ಒಂದು ಕಾಫಿ ರಫ್ತು ಸಂಸ್ಥೆಯಲ್ಲಿ ಕಂಪ್ಯೂಟರ್ ವಿಭಾಗದ ಹೊಣೆ ನನ್ನದಾಗಿತ್ತು. ಯಜಮಾನರ ಸೂಚನೆಯಂತೆ ಅಪಾಯಗಳ ಪಟ್ಟಿ ತಯಾರಿಸಿದ್ದೆವು. ಕಳ್ಳತನ, ಬೆಂಕಿ, ಗೋದಾಮಿಗೆ ನುಗ್ಗುವ ಮಳೆನೀರು ಆಡಳಿತ ವಿಭಾಗದ ಹಾಳೆಯಲ್ಲಿದ್ದವು. ಹಡಗು, ಡಾಲರ್ ಬೆಲೆ, ವಿದೇಶಿ ಖರೀದಿದಾರರ ವಿಷಯ ರಫ್ತು ವಿಭಾಗದ ಹಾಳೆಗೆ ಹೋಯಿತು. ವೈರಸ್ ಮತ್ತು ಬ್ಯಾಕಪ್ ನನ್ನ ಪಾಲಿಗೆ ಬಂದವು. ಕಂಪ್ಯೂಟರ್‌ಗಳ ನಡುವೆ ಕಡತ ಹಂಚಿಕೊಳ್ಳುವ ವಿಂಡೋಸ್ ಸೌಲಭ್ಯದಲ್ಲಿದ್ದ ದೋಷವೊಂದಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ 14ರಂದು ಪ್ಯಾಚ್, ಅಂದರೆ ದೋಷ ಮುಚ್ಚುವ ತೇಪೆ, ಬಿಡುಗಡೆ ಮಾಡಿತ್ತು. ನಮ್ಮಲ್ಲಿದ್ದ 43 ಯಂತ್ರಗಳ ಪೈಕಿ 42ಕ್ಕೆ ಅದನ್ನು ಹಾಕಿಸಿದೆ. ಉಳಿದ ಒಂದು ಗೇಟಿನ ಕಾವಲು ಕೋಣೆಯಲ್ಲಿತ್ತು. ಸಿ.ಸಿ. ಕ್ಯಾಮೆರಾಗಳ ದೃಶ್ಯವೂ ಲಾರಿಗಳನ್ನು ತೂಗುವ ವೇ ಬ್ರಿಡ್ಜ್‌ನ ತೂಕವೂ ಅದರಲ್ಲೇ ದಾಖಲಾಗುತ್ತಿದ್ದವು. ಅದರ ಎದುರು ‘ಆಡಳಿತ ವಿಭಾಗಕ್ಕೆ ಸೇರಿದ್ದು, ಅನ್ವಯಿಸುವುದಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಆ ಒಂದು ಸಾಲು ಹೇಗೆ ಮುಳುವಾಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಅಂಥ ಸಾಲು ನಿಮ್ಮ ಪಟ್ಟಿಯಲ್ಲೂ ಇರುವ ಸಂಭವ ಹೆಚ್ಚು. ಯಜಮಾನರು ಮನೆಯಲ್ಲಿದ್ದುಕೊಂಡೇ ಮೊಬೈಲ್‌ನಲ್ಲಿ ಕ್ಯಾಮೆರಾ ನೋಡಲಿ ಎಂದು, ಕ್ಯಾಮೆರಾ ಅಳವಡಿಸಿದವರು ಆ ಕೋಣೆಗೆ ಪ್ರತ್ಯೇಕ ಬ್ರಾಡ್‌ಬ್ಯಾಂಡ್ ಹಾಕಿಸಿ, ರೂಟರ್‌ನಲ್ಲಿ ಆ ಯಂತ್ರದ ಎಲ್ಲ ಪೋರ್ಟ್‌ಗಳನ್ನೂ, ಅಂದರೆ ಜಾಲದ ಸಂಪರ್ಕ ಒಳಬರುವ ಬಾಗಿಲುಗಳನ್ನು, ಹೊರಜಗತ್ತಿಗೆ ತೆರೆದಿಟ್ಟಿದ್ದರು. ಅದೇ ಯಂತ್ರದಿಂದ ಇನ್ನೊಂದು ಕೇಬಲ್ ಕಚೇರಿಯ ಜಾಲಕ್ಕೆ ಬಂದಿತ್ತು, ಏಕೆಂದರೆ ತೂಕದ ವಿವರ ಬಿಲ್ಲಿಂಗ್‌ಗೆ ಬೇಕಿತ್ತು. ಅದಕ್ಕಾಗಿ ಸರ್ವರ್‌ನ ರಫ್ತು ದಾಖಲೆಗಳ ಫೋಲ್ಡರ್ ಅನ್ನು, ಬರೆಯುವ ಮತ್ತು ಅಳಿಸುವ ಪೂರ್ಣ ಅನುಮತಿಯೊಂದಿಗೆ, ಆ ಯಂತ್ರಕ್ಕೆ ಜೋಡಿಸಿಕೊಟ್ಟವನು ನಾನೇ. ತೆರೆದಿಟ್ಟ ಆ ಪೋರ್ಟ್‌ಗಳ ದಾರಿಯಲ್ಲೇ ಒಂದು ಹುಳು, ಅಂದರೆ ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಡುವ ದುಷ್ಟ ತಂತ್ರಾಂಶ, ಗೇಟಿನ ಯಂತ್ರಕ್ಕೆ ಬಂತು. ಸರ್ವರ್‌ಗೆ ಪ್ಯಾಚ್ ಹಾಕಿದ್ದೆನಾದ್ದರಿಂದ ಹುಳು ಅದರೊಳಗೆ ಪ್ರವೇಶಿಸಲಿಲ್ಲ, ನಿಜ. ಆದರೆ ಗೇಟಿನ ಯಂತ್ರದಲ್ಲಿ ಕುಳಿತ ಹುಳು, ಜೋಡಿಸಿದ್ದ ಫೋಲ್ಡರ್ ಅನ್ನು ತನ್ನದೇ ಡಿಸ್ಕ್ ಎಂಬಂತೆ ತೆರೆದು, ಒಂದೊಂದೇ ಕಡತವನ್ನು ಯಾರೂ ಓದಲಾಗದಂತೆ ಗೂಢಲಿಪೀಕರಿಸುತ್ತಾ ಹೋಯಿತು.

ಅದು ವಾನಾಕ್ರೈ. 2017ರ ಮೇ 12, ಶುಕ್ರವಾರ ಸಂಜೆ ಅದು ನಮ್ಮ ಗೇಟಿಗೆ ತಲುಪಿತು. ಮರುದಿನ ಎರಡನೇ ಶನಿವಾರದ ರಜೆ. ಶನಿವಾರ ರಾತ್ರಿ ತಾನಾಗಿ ನಡೆಯುವ ಬ್ಯಾಕಪ್, ಸದಾ ಸರ್ವರ್‌ಗೆ ಸಿಕ್ಕಿಸಿಯೇ ಇರುತ್ತಿದ್ದ ಡಿಸ್ಕ್‌ನಲ್ಲಿ ಹಿಂದಿನ ಒಳ್ಳೆಯ ಪ್ರತಿಗಳನ್ನು ಅಳಿಸಿ ಕೆಟ್ಟ ಕಡತಗಳನ್ನು ತುಂಬಿತು. ಸೋಮವಾರ ಬೆಳಿಗ್ಗೆ ಎಂಟೂವರೆಗೆ ನಾನು ನೋಡಿದಾಗ ಗೇಟಿನ ಪರದೆ 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೇಳುತ್ತಿತ್ತು. ನಾವು ಹಣ ಕೊಡಲಿಲ್ಲ. ಕಾಗದದ ತೂಕದ ಚೀಟಿಗಳಿಂದ ದಾಖಲೆಗಳನ್ನು ಮತ್ತೆ ಕಟ್ಟಲು ಹನ್ನೊಂದು ದಿನ ಹಿಡಿಯಿತು. ಇಟಲಿಗೆ ಹೋಗಬೇಕಾಗಿದ್ದ ಮೂರು ಕಂಟೇನರ್‌ಗಳಿಗೆ ಹಡಗು ತಪ್ಪಿತು. ಮುಂಗಾರಿನ ತೇವ ಹತ್ತಿರವಾಗುತ್ತಿದ್ದ ಹೊತ್ತಿನಲ್ಲಿ ಹಸಿರು ಕಾಫಿ ಬೀಜ ಗೋದಾಮಿನಲ್ಲಿ ಉಳಿಯುವುದೆಂದರೆ ಏನೆಂಬುದು ಈ ವ್ಯಾಪಾರದವರಿಗೆ ಗೊತ್ತು.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಗೇಟಿನ ನೋಂದಣಿ ಪುಸ್ತಕ. ಶುಕ್ರವಾರ ರಾತ್ರಿ 9:40ಕ್ಕೆ ಪಾಳಿಯಲ್ಲಿದ್ದ ಕಾವಲುಗಾರರು ‘ಕಂಪ್ಯೂಟರ್ ಪರದೆ ಕೆಂಪಾಗಿದೆ, ಇಂಗ್ಲಿಷಿನಲ್ಲಿ ಏನೋ ಬಂದಿದೆ’ ಎಂದು ಅಚ್ಚುಕಟ್ಟಾಗಿ ಬರೆದಿದ್ದರು. ಅವರ ಮೇಲ್ವಿಚಾರಕರು ಅದು ಕಳ್ಳತನವಲ್ಲವೆಂದು ಸುಮ್ಮನಾದರು. ನನ್ನ ದೂರವಾಣಿ ಸಂಖ್ಯೆ ಆ ಕೋಣೆಯಲ್ಲಿ ಎಲ್ಲೂ ಇರಲಿಲ್ಲ. ಅಂದೇ ನನಗೆ ಕರೆ ಬಂದಿದ್ದರೆ ಕೇಬಲ್ ಕಿತ್ತುಹಾಕಿ ಬ್ಯಾಕಪ್ ಡಿಸ್ಕನ್ನಾದರೂ ಉಳಿಸಿಕೊಳ್ಳಬಹುದಿತ್ತು. ಸುಮಾರು 59 ಗಂಟೆಗಳ ಕಾಲ ನಮ್ಮ ಸಂಸ್ಥೆಗೆ ಸುದ್ದಿ ಗೊತ್ತಿತ್ತು, ಆದರೆ ಅದು ನನ್ನ ಹಾಳೆಗೆ ಬರಲಿಲ್ಲ. ಕಂಪ್ಯೂಟರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ನಿಮ್ಮ ಗೇಟಿನಿಂದ ನಿಮ್ಮವರೆಗೆ ಸುದ್ದಿ ಬರಲು ಎಷ್ಟು ಹೊತ್ತು ಬೇಕೆಂದು ಒಮ್ಮೆ ಅಳೆದು ನೋಡಿ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಅಪಾಯಗಳು ಮೂರು ಜಾತಿಯವಲ್ಲ. ವಾನಾಕ್ರೈ ಬಳಸಿದ ಅಸ್ತ್ರ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಿಂದ ಸೋರಿಹೋದದ್ದು. ದಾಳಿಯ ಹಿಂದೆ ಉತ್ತರ ಕೊರಿಯಾ ಇದೆಯೆಂದು ಅದೇ ಅಮೆರಿಕ 2017ರ ಡಿಸೆಂಬರ್‌ನಲ್ಲಿ ಆರೋಪಿಸಿತು. ಅದು ನಮ್ಮೊಳಗೆ ಬಂದದ್ದು ಕಳ್ಳರನ್ನು ಹಿಡಿಯಲು ಇಟ್ಟ ಕ್ಯಾಮೆರಾದ ದಾರಿಯಲ್ಲಿ. ಇದನ್ನು ಮೂರರಲ್ಲಿ ಯಾವ ತಂಡ ನೋಡಬೇಕಾಗಿತ್ತು? ನಮ್ಮ ಘಟನೆಯಾಗಿ ಆರು ವಾರಗಳಲ್ಲಿ, ಜೂನ್ 27ರಂದು, ಉಕ್ರೇನಿನ ತೆರಿಗೆ ತಂತ್ರಾಂಶವೊಂದರ ಮೂಲಕ ಹೊರಟ ನಾಟ್‌ಪೆಟ್ಯ ಎಂಬ ಹುಳು ಮಾರ್ಸ್ಕ್ ಹಡಗು ಸಂಸ್ಥೆಯನ್ನು ನೆಲಕಚ್ಚಿಸಿತು. ಮುಂಬಯಿ ಬಳಿಯ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲ್‌ಗೂ ಏಟು ಬಿತ್ತು. ಮಾರ್ಸ್ಕ್ 4,000 ಸರ್ವರ್‌ಗಳನ್ನೂ 45,000 ಕಂಪ್ಯೂಟರ್‌ಗಳನ್ನೂ ಹತ್ತು ದಿನಗಳಲ್ಲಿ ಹೊಸದಾಗಿ ಸಿದ್ಧಪಡಿಸಬೇಕಾಯಿತು. ಅದರ ಜಾಲದ ಬಳಕೆದಾರರ ಪಟ್ಟಿಯ ಒಂದೇ ಒಂದು ಒಳ್ಳೆಯ ಪ್ರತಿ ಘಾನಾದಲ್ಲಿ ಉಳಿದಿತ್ತು, ಏಕೆಂದರೆ ದಾಳಿಯ ಹೊತ್ತಿನಲ್ಲಿ ಅಲ್ಲಿ ಕರೆಂಟ್ ಹೋಗಿ ಆ ಯಂತ್ರ ಜಾಲದಿಂದ ಕಡಿದುಹೋಗಿತ್ತು. ಅದನ್ನು ಓದಿದ ದಿನದಿಂದ ನಮ್ಮಲ್ಲಿ ಎರಡು ಬ್ಯಾಕಪ್ ಡಿಸ್ಕ್‌ಗಳು ವಾರಕ್ಕೊಂದರಂತೆ ಸರದಿಯಲ್ಲಿ ಬೀರುವಿನೊಳಗೆ, ಯಾವ ಕೇಬಲ್ಲೂ ಇಲ್ಲದೆ, ಇರುತ್ತವೆ.

ಅಪಾಯದಿಂದ ಆರಂಭಿಸಬೇಡಿ, ನಿಲ್ಲಬಾರದ ಕೆಲಸದಿಂದ ಆರಂಭಿಸಿ. ನಮಗೆ ಅದು ತೂಕವಾದ ಮೂಟೆ ಕಂಟೇನರ್ ಸೇರಿ, ಬಿಲ್ ಆಫ್ ಲೇಡಿಂಗ್ (ಮಾಲು ಹಡಗಿಗೇರಿದ್ದಕ್ಕೆ ಹಡಗು ಸಂಸ್ಥೆ ಕೊಡುವ ದಾಖಲೆ) ಖರೀದಿದಾರರ ಕೈಸೇರುವವರೆಗಿನ ದಾರಿ. ಆ ದಾರಿಯ ಒಂದೊಂದು ಹೆಜ್ಜೆಯಲ್ಲೂ ಏನು ಕೈಕೊಟ್ಟರೆ ಕೆಲಸ ನಿಲ್ಲುತ್ತದೆ, ಮೊದಲು ಯಾರ ಕಣ್ಣಿಗೆ ಬೀಳುತ್ತದೆ, ಅವರು ಯಾರಿಗೆ ಕರೆ ಮಾಡಬೇಕು ಎಂದು ಬರೆದೆವು. ತಿಂಗಳಿಗೊಮ್ಮೆ ಕಾವಲು ಮೇಲ್ವಿಚಾರಕರು, ರಫ್ತು ವಿಭಾಗದವರು ಮತ್ತು ನಾನು ಒಂದೇ ಮೇಜಿಗೆ ಕೂರುತ್ತೇವೆ. 2023ರ ನವೆಂಬರ್ 19ರಂದು ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂಥಿ ಬಂಡುಕೋರರು ಗ್ಯಾಲಕ್ಸಿ ಲೀಡರ್ ಹಡಗನ್ನು ವಶಪಡಿಸಿಕೊಂಡಾಗ ಆ ಮೇಜು ನಮಗೆ ನೆರವಾಯಿತು. ಯೂರೋಪಿಗೆ ಹೋಗುವ ಕಾಫಿಗೆ ಸೂಯೆಜ್ ಕಾಲುವೆಯೇ ಹೆದ್ದಾರಿ. ಡಿಸೆಂಬರ್ ಮಧ್ಯದಲ್ಲಿ ದೊಡ್ಡ ಹಡಗು ಸಂಸ್ಥೆಗಳು ಆಫ್ರಿಕಾದ ತುದಿಯನ್ನು ಸುತ್ತಿ ಹೋಗಲು ಆರಂಭಿಸುವ ಮೊದಲೇ ನಾವು ಖರೀದಿದಾರರೊಂದಿಗೆ ಮಾತನಾಡಿ, ಜನವರಿಯ ಒಪ್ಪಂದಗಳ ಗಡುವನ್ನು ಎರಡು ವಾರ ಮುಂದಕ್ಕೆ ಹಾಕಿಸಿಕೊಂಡಿದ್ದೆವು. ಮಾಲು ಹೆಚ್ಚು ದಿನ ನಿಲ್ಲುವುದೆಂದು ಗೊತ್ತಿದ್ದುದರಿಂದ ಗೋದಾಮಿಗೆ ಎರಡನೇ ರಾತ್ರಿ ಪಾಳಿಯ ಕಾವಲನ್ನೂ ಅದೇ ಸಭೆಯಲ್ಲಿ ಗೊತ್ತುಮಾಡಿದೆವು.

ತಂತ್ರಾಂಶವನ್ನು ಆಮೇಲೆ ಕೊಳ್ಳಿ, ಬೇಡವೆನ್ನುವುದಿಲ್ಲ. ಅದಕ್ಕೂ ಮೊದಲು ನಿಮ್ಮ ಪಟ್ಟಿಯಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆದಿರುವ ಯಂತ್ರಗಳನ್ನೆಲ್ಲ ಖುದ್ದಾಗಿ ಹೋಗಿ ನೋಡಿ, ಪ್ರತಿಯೊಂದರಿಂದಲೂ ಹೊರಟ ಕೇಬಲ್ ಎಲ್ಲಿಗೆ ಹೋಗುತ್ತದೆಂದು ಕೈಯಲ್ಲಿ ಹಿಡಿದು ಹಿಂಬಾಲಿಸಿ. ಮರಳುವಾಗ ನಿಮ್ಮ ದೂರವಾಣಿ ಸಂಖ್ಯೆಯನ್ನು ಗೇಟಿನ ಕೋಣೆಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು, ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದೆಂದು ಅಲ್ಲಿರುವವರಿಗೆ ನೀವೇ ಬಾಯಾರೆ ಹೇಳಿ ಬನ್ನಿ.